ಮೂರು ಸೀರೆಯ ಚೀಲ

(ಮುಂಬೈಯ ಗೋರೆಗಾಂವ್‌ನಲ್ಲಿ ನಮ್ಮ ಕನ್ನಡ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳನ್ನು ಬರೆದುಕೊಡಿ ಎಂದು ಹಲವರು ಕೇಳಿದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಈ ಬಟ್ಟೆಚೀಲ ಯಾಕೆ ಎಂದು ಮುಂದಿನ ಸಾಲಿನಲ್ಲಿ ಕೂತ ಅಕ್ಕ ಆಗಲೇ ಕೇಳಿದರು. ಇದರೊಳಗೆ ಮೂರು ಸೀರೆ ಉಂಟು. ಒಂದು ಬಿಳಿ, ಸಾವಿನ ಮನೆಗೆ. ಇನ್ನೊಂದು ಸಾದಾ ನೂಲಿನದು. ಸಂತೆ, ಆಸ್ಪತ್ರೆ, ಕೋರ್ಟು, ರೈಲ್ವೆ ಪ್ಲಾಟ್‌ಫಾರ್ಮು ಎಲ್ಲಕ್ಕೂ ಒದಗುತ್ತದೆ. ಮೂರನೆಯದು ನನ್ನ ಧಾರೆ ಸೀರೆ. 1979ರಲ್ಲಿ ಕುಂದಾಪುರದ ಹತ್ತಿರದ ನಮ್ಮ ಮನೆಯಂಗಳದಲ್ಲಿ, ಚಪ್ಪರದಡಿ, ಇದನ್ನು ಉಟ್ಟು ಮದುವೆಯಾದೆ. ಅರಸಿನ ಬಣ್ಣಕ್ಕೆ ಕೆಂಪು ಅಂಚು. ಆಮೇಲೆ ಇದನ್ನು ಉಟ್ಟುಕೊಂಡು ಎಷ್ಟು ಮದುವೆಗೆ ಹೋದೆನೋ ಲೆಕ್ಕ ಇಟ್ಟಿಲ್ಲ. ಎಲ್ಲವೂ ಸಿನಿಮಾದ ಮದುವೆ, ಸೀರಿಯಲ್ಲಿನ ಮದುವೆ. ಅಲ್ಲಿ ಹಿಂದೆ ಜನರ ಗುಂಪಿನಲ್ಲಿ ನಿಲ್ಲುವುದೇ ನನ್ನ ಕೆಲಸ.

ನಮ್ಮನ್ನು ಶೂಟಿಂಗಿಗೆ ಕರೆಸುವ ಕೋಆರ್ಡಿನೇಟರ್ ಫೋನ್ ಮಾಡಿ "ಮೌಶಿ, ನಾಳೆ ಬೆಳಿಗ್ಗೆ ಏಳಕ್ಕೆ ಕಾಲ್, ಮೂರು ಚೇಂಜ್ ತನ್ನಿ" ಎಂದರೆ ಈ ಚೀಲ ಎತ್ತಿಕೊಂಡು ಹೊರಡಬೇಕು. ದೊಡ್ಡ ಬಜೆಟ್ಟಿನ ಪೌರಾಣಿಕವೋ ಐತಿಹಾಸಿಕವೋ ಆದರೆ ಡ್ರೆಸ್ ಅವರೇ ಕೊಡುತ್ತಾರೆ. ಉಳಿದ ದಿನ ನಮ್ಮ ಬಟ್ಟೆಯೇ ಅವರ ಬಟ್ಟೆ. ನೀವು ಪರದೆಯ ಮೇಲೆ ಮದುವೆ ಮಂಟಪದ ಸುತ್ತ ನೋಡುವ ಬಣ್ಣದಲ್ಲಿ ಅರ್ಧಕ್ಕರ್ಧ ನಾಲಾಸೋಪಾರಾ, ವಿರಾರ್, ಮಾಲ್ವಣಿ, ಧಾರಾವಿಯ ಟ್ರಂಕುಗಳಿಂದ ಬಂದದ್ದು.

ನನ್ನನ್ನು ಪರಿಚಯಿಸುವಾಗ ನಮ್ಮ ಕಾರ್ಯದರ್ಶಿಯವರು ಒಂದು ಕ್ಷಣ ತಡವರಿಸಿದರು. 'ಎಕ್ಸ್‌ಟ್ರಾ' ಎಂದರೆ ನನಗೆ ಬೇಸರವಾದೀತು ಎಂದು 'ನಟಿ' ಎಂದರು. ಅವರ ಪ್ರೀತಿಗೆ ಕೈ ಮುಗಿಯುತ್ತೇನೆ. ನಮ್ಮ ಯೂನಿಯನ್ ಕಾರ್ಡಿನಲ್ಲಿ ಇರುವುದು ಜೂನಿಯರ್ ಆರ್ಟಿಸ್ಟ್ ಎಂದು. ಬೆಂಗಳೂರಿನ ಕಡೆ ಸಹಕಲಾವಿದೆ ಎನ್ನುತ್ತಾರೆ, ನನಗೆ ಆ ಮಾತು ತುಂಬ ಇಷ್ಟ. ಎಕ್ಸ್‌ಟ್ರಾ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೋಟೆಲಿನಲ್ಲಿ ಚಟ್ನಿ ಎಕ್ಸ್‌ಟ್ರಾ ಕೇಳಬಹುದು. ಮದುವೆ ಮನೆಗೆ ಬಂದ ನೆಂಟರು ಎಕ್ಸ್‌ಟ್ರಾ ಹೇಗಾಗುತ್ತಾರೆ? ನೆಂಟರಿಲ್ಲದಿದ್ದರೆ ಅದು ಮದುವೆಯೇ ಅಲ್ಲವಲ್ಲ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ: ನಾವು ಮಾಡುವುದು ಒಂದು ಕಸುಬು. ಅದಕ್ಕೆ ಕಲಿಕೆ ಉಂಟು, ಕೂಲಿ ಉಂಟು, ಆ ಕೂಲಿ ಹೊತ್ತಿಗೆ ಸರಿಯಾಗಿ ಕೈಗೆ ಬರಬೇಕು.

ನಾನು ಈ ಕೆಲಸಕ್ಕೆ ಆಸೆಪಟ್ಟು ಬಂದವಳಲ್ಲ. ನನ್ನ ಯಜಮಾನರು ಲೋವರ್ ಪರೇಲಿನ ಒಂದು ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. 1982ರ ಜನವರಿ 18ಕ್ಕೆ ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಇವತ್ತು ಮುಗಿಯುತ್ತದೆ, ನಾಳೆ ಮುಗಿಯುತ್ತದೆ ಎಂದು ಕಾದದ್ದೇ ಬಂತು. ಮುಷ್ಕರ ಮುಗಿಯಿತು ಎಂದು ಯಾರೂ ಸಾರಲೇ ಇಲ್ಲ, ಮಿಲ್ಲುಗಳೇ ಒಂದೊಂದಾಗಿ ಮುಗಿದವು. ನಮ್ಮ ಚಾಳಿನಲ್ಲಿ ಕೆಲವರು ಊರಿಗೆ ಮರಳಿದರು, ಕೆಲವರು ತರಕಾರಿ ಗಾಡಿ ಹಾಕಿದರು. ಹೆಂಗಸರು ಪಾಪಡ್ ಲಟ್ಟಿಸಿದೆವು, ಖಾನಾವಳಿ ನಡೆಸಿದೆವು. ಚಾಳಿನ ಮೇಲಿನ ಮಾಳಿಗೆಯ ಮರಾಠಿ ಮೌಶಿಯೊಬ್ಬರು ಮೊದಲಿನಿಂದಲೂ ಶೂಟಿಂಗಿಗೆ ಹೋಗುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು, "ನಾಳೆ ಹಳ್ಳಿ ಸೀನ್, ಹೆಂಗಸರು ಕಡಿಮೆ ಬಿದ್ದಿದ್ದಾರೆ, ಬರ್ತೀಯಾ?" ಎಂದರು. 1983ರ ಮಳೆಗಾಲ ಕಳೆದ ಹೊಸತು. ಮಗನಿಗೆ ಎರಡು ವರ್ಷ. ಅವನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದೆ.

ಹೋದದ್ದು ಇದೇ ಗೋರೆಗಾಂವ್ ಫಿಲ್ಮ್‌ಸಿಟಿಗೆ. 1977ರಲ್ಲಿ ಮಹಾರಾಷ್ಟ್ರ ಸರಕಾರ ಕಟ್ಟಿಸಿದ್ದು, ಸುಮಾರು 520 ಎಕರೆ. ಈಗ ಅದಕ್ಕೆ ದಾದಾಸಾಹೇಬ್ ಫಾಲ್ಕೆಯವರ ಹೆಸರು. ಆಗ ಒಳಗೆ ಹೋದರೆ ಕಾಡೇ. ಈಗಲೂ ಸಂಜೆಯಾದ ಮೇಲೆ ಚಿರತೆ ಓಡಾಡುವ ಜಾಗ ಅದು, ಒಬ್ಬೊಬ್ಬರೇ ನಡೆಯಬೇಡಿ ಎಂದು ಹೊಸ ಹುಡುಗಿಯರಿಗೆ ನಾವೇ ಹೇಳುತ್ತೇವೆ.

ಆ ದಿನ ನನಗೆ ಕೊಟ್ಟದ್ದು 'ಪಾಸಿಂಗ್'. ಹೀರೋ ಬಾವಿಕಟ್ಟೆಯಲ್ಲಿ ತಾಯಿಯ ಜೊತೆ ಮಾತಾಡುತ್ತಿರುತ್ತಾನೆ, ನಾನು ಹಿಂದಿನಿಂದ ಬುಟ್ಟಿ ಹೊತ್ತು ಎಡದಿಂದ ಬಲಕ್ಕೆ ಹಾದು ಹೋಗಬೇಕು. ಅಷ್ಟೇ. ಮೊದಲ ಸಲ ಹಾದಾಗ ಕ್ಯಾಮೆರಾ ನೋಡಿಬಿಟ್ಟೆ. ಕಟ್. ಎರಡನೇ ಸಲ ಕ್ಯಾಮೆರಾ ನೋಡಬಾರದೆಂದು ತಲೆ ತಗ್ಗಿಸಿ ಬಿರಬಿರನೆ ನಡೆದೆ. ಕಟ್. ಮೂರನೇ ಸಲ ಹೀರೋನ ಮುಖ ನೋಡುತ್ತಾ ನಿಧಾನವಾದೆ. ಅಸಿಸ್ಟೆಂಟ್ ಡೈರೆಕ್ಟರ್ ಕೂಗಾಡಿದ. ನನ್ನ ಕಣ್ಣಲ್ಲಿ ನೀರು. ಆಗ ಆ ಮೌಶಿ ಹತ್ತಿರ ಬಂದು ಬುಟ್ಟಿ ಸರಿಮಾಡುವ ಹಾಗೆ ಮಾಡಿ ಕಿವಿಯಲ್ಲಿ ಕೇಳಿದರು: "ನೀನು ಎಲ್ಲಿಂದ ಬರ್ತಾ ಇದ್ದೀ? ಎಲ್ಲಿಗೆ ಹೋಗ್ತಾ ಇದ್ದೀ? ಬುಟ್ಟಿಯಲ್ಲಿ ಏನುಂಟು?"

ನನಗೆ ಉತ್ತರ ಗೊತ್ತಿರಲಿಲ್ಲ. "ಅದು ಗೊತ್ತಿಲ್ಲದೆ ಹೆಂಗಸು ಮನೆಯಿಂದ ಹೊರಗೆ ಕಾಲಿಡ್ತಾಳಾ?" ಎಂದರು.

ನಾಲ್ಕನೇ ಸಲ ನಾನು ರೇಷನ್ ಅಂಗಡಿಗೆ ಹೊರಟೆ. ಅಂಗಡಿ ಮುಚ್ಚುವ ಹೊತ್ತು, ಮನೆಯಲ್ಲಿ ಮಗ ಎದ್ದಿರುತ್ತಾನೆ, ಸೀಮೆಎಣ್ಣೆ ಸಿಗುತ್ತದೋ ಇಲ್ಲವೋ. ಶಾಟ್ ಓಕೆ ಆಯಿತು. ಬಾವಿಕಟ್ಟೆಯ ಆ ಹಳ್ಳಿಯಲ್ಲಿ ರೇಷನ್ ಅಂಗಡಿ ಇತ್ತೋ ಇಲ್ಲವೋ, ಕ್ಯಾಮೆರಾಕ್ಕೆ ಅದು ಬೇಕಿಲ್ಲ. ನನ್ನ ಕಾಲಿಗೆ ಹೋಗಬೇಕಾದ ಜಾಗ ಗೊತ್ತಿದ್ದರೆ ಸಾಕು. ಅಂದಿನಿಂದ ಇಂದಿನವರೆಗೆ ನಾನು ಸುಮ್ಮನೆ ಹಾದುಹೋದದ್ದಿಲ್ಲ. ಆಸ್ಪತ್ರೆಯ ಸೀನ್ ಆದರೆ ಯಾವ ವಾರ್ಡಿಗೆ ಎಂದು ಇಟ್ಟುಕೊಳ್ಳುತ್ತೇನೆ. ಕೋರ್ಟಿನ ಬೆಂಚಿನಲ್ಲಿ ಕೂತರೆ ಯಾರ ಕಡೆಯವಳು ಎಂದು ಇಟ್ಟುಕೊಳ್ಳುತ್ತೇನೆ.

ಕಸುಬಿನ ಮಾತು ಇನ್ನೂ ಸ್ವಲ್ಪ ಹೇಳುತ್ತೇನೆ, ಹೊರಗಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ಸೀನನ್ನು ಮೊದಲು ದೂರದಿಂದ ಇಡಿಯಾಗಿ ತೆಗೆಯುತ್ತಾರೆ, ಅದು ಮಾಸ್ಟರ್. ಆಮೇಲೆ ಅದೇ ಸೀನನ್ನು ಹೀರೋನ ಕ್ಲೋಸ್, ತಾಯಿಯ ಕ್ಲೋಸ್, ಆ ಕಡೆಯಿಂದ, ಈ ಕಡೆಯಿಂದ ಎಂದು ತುಂಡು ತುಂಡಾಗಿ. ಮಾಸ್ಟರ್‌ನಲ್ಲಿ ಹೀರೋ 'ಮಾ' ಎಂದಾಗ ನಾನು ಕಂಬ ದಾಟಿದ್ದರೆ, ಪ್ರತಿ ತುಂಡಿನಲ್ಲೂ ಆ ಶಬ್ದಕ್ಕೇ ಕಂಬ ದಾಟಬೇಕು. ಬುಟ್ಟಿ ಎಡಸೊಂಟದಲ್ಲಿದ್ದರೆ ಎಡಸೊಂಟದಲ್ಲೇ. ಸೆರಗು ಹೊದ್ದಿದ್ದರೆ ಹೊದ್ದೇ. ತಪ್ಪಿದರೆ ಎಡಿಟಿಂಗ್ ಮೇಜಿನ ಮೇಲೆ ಆ ಎರಡು ತುಂಡು ಜೋಡುವುದಿಲ್ಲ, ಹೀರೋ ಎಷ್ಟೇ ಚೆನ್ನಾಗಿ ಮಾಡಿರಲಿ. ಇದಕ್ಕೆ ಕಾಂಟಿನ್ಯುಟಿ ಎನ್ನುತ್ತಾರೆ. ಅದನ್ನು ಬರೆದುಕೊಳ್ಳಲು ಒಬ್ಬ ಹುಡುಗ ಅಥವಾ ಹುಡುಗಿ ಇರುತ್ತಾರೆ, ಆದರೆ ಮುನ್ನೂರು ಜನರ ಸೆರಗನ್ನು ಅವರೊಬ್ಬರು ಹೇಗೆ ನೆನಪಿಡುತ್ತಾರೆ? ನಾವೇ ಇಡುತ್ತೇವೆ. ನಾಲ್ಕು ದಿನ ನಡೆಯುವ ಮದುವೆ ಸೀನಿಗೆ ನಾಲ್ಕೂ ದಿನ ಅದೇ ಸೀರೆ, ಅದೇ ಬಿಂದಿ, ಅದೇ ಜಾಗ, ಪಕ್ಕದಲ್ಲಿ ಅದೇ ಹೆಂಗಸು. ನನ್ನ ಧಾರೆ ಸೀರೆಯ ಬೆವರಿನ ಕಲೆ ಹೋಗಲೆಂದು ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುತ್ತಿರಲಿಲ್ಲ. ಒದ್ದೆ ಅಂಚನ್ನು ಇಸ್ತ್ರಿ ಹಾಕಿ ಒಣಗಿಸಿ ಉಟ್ಟುಕೊಂಡು ಹೋದದ್ದುಂಟು. ಇಲ್ಲಿ ನೋಡಿ, ಅಂಚಿನ ಈ ಕಂದು ಗುರುತು ಅದರದ್ದೇ. ನೀವು ಬೇಕಾದರೆ ಆಮೇಲೆ ಹತ್ತಿರ ಬಂದು ನೋಡಿ.

ಪಾರ್ಟಿ ಸೀನಿನಲ್ಲಿ ತಟ್ಟೆಯಲ್ಲಿರುವ ಕೇಕನ್ನು ತಿನ್ನುವ ಹಾಗಿಲ್ಲ. ತಿಂದರೆ ಮುಂದಿನ ತುಂಡಿನಲ್ಲಿ ತಟ್ಟೆ ಖಾಲಿ ಕಾಣುತ್ತದೆ. ಚಮಚ ಬಾಯಿಯವರೆಗೆ ತಂದು ಮಾತಿಗೆ ತೊಡಗಿದಂತೆ ಮಾಡಿ ಕೆಳಗಿಳಿಸಬೇಕು. ಮಧ್ಯಾಹ್ನದ ಊಟ ತಡವಾದ ದಿನ ಅದು ಕಠಿಣ ಪರೀಕ್ಷೆ.

ಶಬ್ದದ ವಿಷಯ ಬೇರೆ. ನಾನು ಬಂದ ಕಾಲಕ್ಕೆ ಹಿಂದಿ ಸಿನಿಮಾದಲ್ಲಿ ಮಾತೆಲ್ಲ ಆಮೇಲೆ ಡಬ್ಬಿಂಗ್ ಸ್ಟುಡಿಯೋದಲ್ಲಿ ಸೇರಿಸುವುದಿತ್ತು. ಹಾಗಾಗಿ ಹಿಂದೆ ನಿಂತ ನಾವು ಮೆಲ್ಲಗೆ ಮಾತಾಡಿದರೂ ನಡೆಯುತ್ತಿತ್ತು. 2000ದ ಆಚೀಚೆ ಸಿಂಕ್ ಸೌಂಡ್ ಬಂತು, ಸ್ಥಳದಲ್ಲೇ ಧ್ವನಿಮುದ್ರಣ. ಆಮೇಲೆ ನಮ್ಮ ಬಾಯಿ ಆಡಬೇಕು, ಸದ್ದು ಹೊರಡಬಾರದು. ಬಳೆಗೆ ಟೇಪ್, ಗೆಜ್ಜೆಗೆ ಟೇಪ್. ಕಾಲು ಫ್ರೇಮಿನಲ್ಲಿ ಇಲ್ಲದಿದ್ದರೆ ಚಪ್ಪಲಿ ಬಿಟ್ಟು ನಡೆಯಬೇಕು. ನಗುವ ಸೀನಿನಲ್ಲಿ ಮೈ ಕುಲುಕಿ ನಗಬೇಕು, ಉಸಿರೂ ಕೇಳಬಾರದು. ಇನ್ನೂರು ಜನ ಒಟ್ಟಿಗೆ ಸದ್ದಿಲ್ಲದೆ ನಗುವುದನ್ನು ಒಮ್ಮೆ ಎದುರಿಗೆ ನಿಂತು ನೋಡಬೇಕು ನೀವು. ಅಷ್ಟು ಜನರ ಸಂಯಮ ಅದು.

ನಮ್ಮೂರಿನ ಬಯಲಾಟ, ಅಂದರೆ ಯಕ್ಷಗಾನ, ನೋಡಿದವರಿಗೆ ಒಂದು ಮಾತು ಹೇಳಿದರೆ ಬೇಗ ತಿಳಿದೀತು. ದೇವೇಂದ್ರನ ಒಡ್ಡೋಲಗದಲ್ಲಿ, ಸಭೆ ಕೂಡುವ ದೃಶ್ಯದಲ್ಲಿ, ಅಗ್ನಿ, ವಾಯು, ವರುಣ ಎಂದು ಬರುತ್ತಾರಲ್ಲ, ದೇವೇಂದ್ರನ ಬಲ. ಮೇಳಕ್ಕೆ ಹೊಸತಾಗಿ ಸೇರಿದ ಹುಡುಗರಿಗೆ ಆ ವೇಷ. ಮಾತು ಕಡಿಮೆ, ಕುಣಿತ ಮಾತ್ರ. ಅವರು ಕುಣಿದು ನಿಂತ ಮೇಲೇ ದೇವೇಂದ್ರ ದೇವೇಂದ್ರನಾಗುವುದು. ನನ್ನಣ್ಣ ಎರಡು ವರ್ಷ ತಿರುಗಾಟದಲ್ಲಿ ಅದೇ ವೇಷ ಮಾಡಿದ. ಆದರೆ ಅಲ್ಲಿ ಬಲದ ಹುಡುಗನಿಗೂ ಚೌಕಿಯಲ್ಲಿ, ಬಣ್ಣ ಹಚ್ಚುವ ಮನೆಯಲ್ಲಿ, ಕೂರಲು ಒಂದು ಜಾಗ ಉಂಟು, ಮುಂದೊಂದು ದಿನ ಪುಂಡುವೇಷಕ್ಕೆ, ತರುಣ ವೀರನ ಪಾತ್ರಕ್ಕೆ, ಏರುವ ದಾರಿ ಉಂಟು. ನಮ್ಮಲ್ಲಿ ಚೌಕಿಯೂ ಇಲ್ಲ, ಏರುವ ದಾರಿಯೂ ಕಡಿಮೆ.

"ಯಾರಾದರೂ ದೊಡ್ಡ ನಟರಾದರಾ?" ಎಂದು ಎಲ್ಲರೂ ಕೇಳುತ್ತಾರೆ. ಆದರು. ನವಾಜುದ್ದೀನ್ ಸಿದ್ದಿಕಿ ಶುರುವಿಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವ ಪಾತ್ರಗಳನ್ನೇ ಮಾಡಿದವರು. ನಮ್ಮ ಮಂಗಳೂರು ಕಡೆಯ ಎಂ.ಬಿ. ಶೆಟ್ಟಿಯವರು ಹೊಡೆದಾಟದ ಮಾಸ್ಟರ್ ಆಗಿ, ಖಳನಾಗಿ ಹೆಸರು ಮಾಡಿದರು. ಅವರ ಪತ್ನಿ, ನಿರ್ದೇಶಕ ರೋಹಿತ್ ಶೆಟ್ಟಿಯವರ ತಾಯಿ ರತ್ನಾ ಅವರು ಜೂನಿಯರ್ ಆರ್ಟಿಸ್ಟ್ ಆಗಿ ದುಡಿದವರು. ಸಂತೋಷ. ಆದರೆ ಒಬ್ಬ ಮೇಸ್ತ್ರಿಯ ಕೆಲಸವನ್ನು ಅವನು ಬಿಲ್ಡರ್ ಆದನೇ ಎಂದು ಕೇಳಿ ಅಳೆಯುತ್ತೇವೆಯೇ? ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತೇವೆ.

ಈ ಮಾತಿಗೆಂದು ನಾನು ಸ್ವಲ್ಪ ಓದಿಕೊಂಡೂ ಬಂದೆ. ನಮ್ಮ ಮುಂಬೈಯಲ್ಲಿ ಮೊದಲು ಸಿನಿಮಾ ತೋರಿಸಿದ್ದು 1896ರ ಜುಲೈ 7ರಂದು, ಕಾಲಾಘೋಡಾದ ವಾಟ್ಸನ್ ಹೋಟೆಲಿನಲ್ಲಿ. ಟಿಕೆಟ್ ಒಂದು ರೂಪಾಯಿ. ಲೂಮಿಯೇರ್ ಸಹೋದರರ ಆರು ತುಣುಕು ಚಿತ್ರಗಳು. ಒಂದರಲ್ಲಿ ರೈಲು ಬಂದು ನಿಲ್ಲುತ್ತದೆ, ಜನ ಇಳಿಯುತ್ತಾರೆ, ಹತ್ತುತ್ತಾರೆ. ಇನ್ನೊಂದರಲ್ಲಿ ಕಾರ್ಖಾನೆಯ ಬಾಗಿಲು ತೆರೆಯುತ್ತದೆ, ಕೆಲಸ ಮುಗಿಸಿದ ಕಾರ್ಮಿಕರು ಹೊರಗೆ ಬರುತ್ತಾರೆ, ಅದರಲ್ಲಿ ಬಹಳಷ್ಟು ಹೆಂಗಸರು. ಹೀರೋ ಇಲ್ಲ, ಹೀರೋಯಿನ್ ಇಲ್ಲ. ಹಾದುಹೋಗುವ ಜನ, ಅಷ್ಟೇ. ಪಾಸಿಂಗ್! ಇದನ್ನು ಓದಿದ ದಿನ ನಾನು ಮಗನಿಗೆ ಹೇಳಿ ಮೊಬೈಲಿನಲ್ಲಿ ಅದನ್ನು ಹುಡುಕಿಸಿ ನೋಡಿದೆ. ಒಂದು ನಿಮಿಷವೂ ಇಲ್ಲ. ಬಾಗಿಲಿನಿಂದ ಬರುವ ಒಬ್ಬಳು ಪಕ್ಕದವಳ ಲಂಗವನ್ನು ಎಳೆದು ತಮಾಷೆ ಮಾಡುತ್ತಾಳೆ. ಮಿಲ್ಲು ಬಿಡುವ ಹೊತ್ತಿಗೆ ಲೋವರ್ ಪರೇಲಿನ ಗೇಟಿನ ಮುಂದೆ ನಾನು ಬುತ್ತಿ ಹಿಡಿದು ನಿಂತು ಕಂಡದ್ದು ಇದನ್ನೇ ಅಲ್ಲವೇ ಎಂದು ಅನ್ನಿಸಿ ಎರಡು ಮೂರು ಸಲ ನೋಡಿದೆ.

ಇನ್ನೊಂದು ಸಂಗತಿ. 1913ರಲ್ಲಿ ತೆರೆಕಂಡ 'ರಾಜಾ ಹರಿಶ್ಚಂದ್ರ' ಚಿತ್ರವನ್ನು ಫಾಲ್ಕೆಯವರು ಮಾಡುವಾಗ ಹೆಣ್ಣು ಪಾತ್ರಕ್ಕೆ ಒಬ್ಬ ಹೆಂಗಸೂ ಬರಲಿಲ್ಲ. ಕೊನೆಗೆ ರಾಣಿ ತಾರಾಮತಿಯಾದದ್ದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಸಾಳುಂಕೆ ಎಂಬ ಹುಡುಗ. ಅಂಥ ಊರಿನಲ್ಲಿ ಮುಂದೆ ಜೂನಿಯರ್ ಆರ್ಟಿಸ್ಟ್ ಹೆಂಗಸರೇ ಸೇರಿ ಮಹಿಳಾ ಕಲಾಕಾರ್ ಸಂಘ ಎಂದು ತಮ್ಮದೇ ಯೂನಿಯನ್ ಕಟ್ಟಿಕೊಂಡರು. ಗಂಡಸರದ್ದು ಬೇರೆ, ಜೂನಿಯರ್ ಆರ್ಟಿಸ್ಟ್ಸ್ ಅಸೋಸಿಯೇಶನ್. ಲೈಟಿನವರು, ಮೇಕಪ್‌ನವರು, ಡ್ರೆಸ್‌ನವರು, ನಾವು, ಎಲ್ಲರ ಸಂಘಗಳ ಮೇಲೆ 1956ರಲ್ಲಿ ಹುಟ್ಟಿದ ಫೆಡರೇಶನ್ ಉಂಟು. ಕಾರ್ಡ್ ಕೈಗೆ ಬಂದ ದಿನ ನಾನು ಅದನ್ನು ದೇವರ ಪಟದ ಮುಂದೆ ಇಟ್ಟಿದ್ದೆ.

ಈಗ ಕಷ್ಟದ ಮಾತು. ಇದನ್ನು ಬಿಟ್ಟು ಹೋದರೆ ನನ್ನ ಜೊತೆ ದುಡಿದವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಔಟ್‌ಡೋರಿಗೆ ಹೋದಾಗ ಹೀರೋಗೆ ವ್ಯಾನಿಟಿ ವ್ಯಾನ್ ಉಂಟು. ನಮಗೆ ಬಟ್ಟೆ ಬದಲಿಸಲು ಮರದ ಮರೆ. ಮಡ್ ಐಲ್ಯಾಂಡಿನಲ್ಲಿ, ವಸಾಯಿ ಕಡೆಯ ಬಯಲಿನಲ್ಲಿ ಮರವೂ ಇಲ್ಲದ ಜಾಗ ಎಷ್ಟೋ. ನಾಲ್ವರು ಹೆಂಗಸರು ಚೌಕವಾಗಿ ನಿಂತು ಬೆನ್ನು ಒಳಗೆ ಮಾಡಿ ಒಂದು ಸೀರೆಯನ್ನು ಸುತ್ತ ಹಿಡಿಯುತ್ತಿದ್ದೆವು, ಒಬ್ಬೊಬ್ಬರಾಗಿ ಒಳಗೆ ಹೋಗಿ ಬದಲಿಸುತ್ತಿದ್ದೆವು. ಈ ಬಿಳಿ ಸೀರೆ ಸಾವಿನ ಸೀನಿಗಿಂತ ಹೆಚ್ಚು ಆ ಕೆಲಸಕ್ಕೆ ಬಂದಿದೆ. ಶೌಚಕ್ಕೆ ಹೋಗಲು ಜಾಗವಿಲ್ಲ ಎಂದು ಬೆಳಿಗ್ಗೆಯಿಂದ ನೀರು ಕುಡಿಯದೆ ಇರುತ್ತಿದ್ದೆವು. ಮೇ ತಿಂಗಳ ಬಿಸಿಲಿನಲ್ಲಿ, ಮೈಮೇಲೆ ರೇಷ್ಮೆ ಸೀರೆ. ನಮ್ಮಲ್ಲಿ ಮೂತ್ರದ ಉರಿ, ಕಲ್ಲು ಇಲ್ಲದ ಹೆಂಗಸು ಅಪರೂಪ. ಈಗ ಕೆಲವು ದೊಡ್ಡ ಕಂಪನಿಗಳ ಸೆಟ್ಟಿನಲ್ಲಿ ನಮಗೂ ಒಂದು ವ್ಯಾನ್ ನಿಲ್ಲಿಸುತ್ತಾರೆ. ಎಲ್ಲ ಕಡೆ ನಿಲ್ಲಿಸಬೇಕು. ಇದು ಯಾರೋ ಮಾಡುವ ಉಪಕಾರ ಅಲ್ಲ.

ರಾತ್ರಿ ಎರಡಕ್ಕೆ ಪ್ಯಾಕಪ್ ಆದರೆ ಕೊನೆಯ ಲೋಕಲ್ ಹೋಗಿರುತ್ತದೆ. ಗೋರೆಗಾಂವ್ ಸ್ಟೇಷನ್ನಿನ ಬೆಂಚಿನಲ್ಲಿ ಚೀಲ ತಲೆಯಡಿ ಇಟ್ಟು ಮೊದಲ ಲೋಕಲ್‌ಗೆ ಕಾಯುವುದು. ನಾಲ್ಕೈದು ಜನ ಒಟ್ಟಿಗೆ ಇದ್ದರೆ ಒಬ್ಬರು ಎಚ್ಚರ, ಉಳಿದವರು ನಿದ್ದೆ. ಮನೆ ಮುಟ್ಟಿದರೆ ಅನ್ನಕ್ಕಿಡುವ ಹೊತ್ತು.

ಕೂಲಿಯ ವಿಷಯಕ್ಕೆ ಬರುತ್ತೇನೆ. ನಿರ್ಮಾಪಕರು ಕೋಆರ್ಡಿನೇಟರಿಗೆ ಕೊಡುತ್ತಾರೆ, ಕೋಆರ್ಡಿನೇಟರ್ ತನ್ನ ಪಾಲು ಹಿಡಿದು ನಮಗೆ ಕೊಡುತ್ತಾನೆ. ಸೀರಿಯಲ್ಲುಗಳಲ್ಲಿ ಮೂರು ತಿಂಗಳು ಕಾಯುವುದು ರೂಢಿಯೇ ಆಗಿಹೋಗಿದೆ. ದಿನಗೂಲಿ ಎಂದು ಹೆಸರು, ಮೂರು ತಿಂಗಳಿಗೆ ಸಂಬಳ. ಮನೆ ಬಾಡಿಗೆಯವನು, ದಿನಸಿ ಅಂಗಡಿಯವನು ಮೂರು ತಿಂಗಳು ಕಾಯುತ್ತಾರೆಯೇ? ಒಮ್ಮೆ ಒಬ್ಬ ಕೋಆರ್ಡಿನೇಟರ್ ನಮ್ಮ ಹದಿನೆಂಟು ಹೆಂಗಸರ ಹನ್ನೊಂದು ದಿನದ ಕೂಲಿ ಕೊಡದೆ ಸತಾಯಿಸಿದ. ಕೇಳಿದರೆ "ಪ್ರೊಡಕ್ಷನ್‌ನಿಂದ ಬಂದಿಲ್ಲ" ಎಂದ. ಪ್ರೊಡಕ್ಷನ್‌ನವರು "ಅವನಿಗೆ ಕೊಟ್ಟಾಗಿದೆ" ಎಂದರು. ನಮ್ಮಲ್ಲಿ ಯಾರ ಹತ್ತಿರವೂ ಕಾಗದವಿರಲಿಲ್ಲ. ಒಬ್ಬಳ ಹತ್ತಿರ ಮಾತ್ರ ಇತ್ತು.

ಅವಳು ಬಾಗಲಕೋಟೆ ಕಡೆಯವಳು. ನನಗಿಂತ ಐದು ವರ್ಷ ದೊಡ್ಡವಳು. ಗಂಡ ಇನ್ನೊಂದು ಮಿಲ್ಲಿನಲ್ಲಿದ್ದವರು. ನಾನು ಬಂದ ಎರಡನೇ ವಾರಕ್ಕೆ ಅವಳೂ ಬಂದಳು. ಒಂದು ಸಂತೆ ಸೀನಿನಲ್ಲಿ ಅಕ್ಕಪಕ್ಕ ನಿಲ್ಲಿಸಿದರು. "ಮಾತಾಡ್ತಾ ಇರಿ" ಎಂದು ಅಸಿಸ್ಟೆಂಟ್ ಹೇಳಿದ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕನ್ನಡ ಬರ್ತದೇನವಾ ನಿನಗ?" ಎಂದಳು. ಅಲ್ಲಿಂದ ಮುಂದೆ ಕೋಆರ್ಡಿನೇಟರ್ ಯಾರೇ ಇರಲಿ, ನಾವಿಬ್ಬರೂ ಜೋಡಿ. ಅವಳದ್ದು ಒಂದು ಅಭ್ಯಾಸ: ನೂರು ಪುಟದ ಗೆರೆ ನೋಟ್‌ಬುಕ್ಕಿನಲ್ಲಿ ಪ್ರತಿ ದಿನದ ತಾರೀಖು, ಜಾಗ, ಎಷ್ಟಕ್ಕೆ ಕಾಲ್, ಎಷ್ಟಕ್ಕೆ ಪ್ಯಾಕಪ್, ಯಾರ್ಯಾರು ಬಂದಿದ್ದರು, ಎಲ್ಲ ಬರೆಯುವುದು. ನಾಲ್ಕನೇ ಕ್ಲಾಸಿನವರೆಗೆ ಓದಿದ ದುಂಡು ಕನ್ನಡ ಅಕ್ಷರ. ಸಂಘದ ಕಚೇರಿಗೆ ಹೋಗಿ ಮೇಜಿನ ಮೇಲೆ ಆ ನೋಟ್‌ಬುಕ್ ಬಿಡಿಸಿದಳು. ಅಲ್ಲಿದ್ದವರಿಗೆ ಕನ್ನಡ ಬರುವುದಿಲ್ಲ. ಅವಳು ಒಂದೊಂದೇ ಸಾಲು ಓದುತ್ತಾ ಹೋದಳು, ನಾನು ಮರಾಠಿಯಲ್ಲಿ ಹೇಳುತ್ತಾ ಹೋದೆ. ಹನ್ನೊಂದು ದಿನ, ಹದಿನೆಂಟು ಹೆಸರು, ಅದರಲ್ಲಿ ಎರಡು ದಿನ ಡಬಲ್ ಶಿಫ್ಟ್. ತಿಂಗಳೊಳಗೆ ಹದಿನೆಂಟು ಜನಕ್ಕೂ ದುಡ್ಡು ಬಂತು.

ಕಾನೂನು ಇಲ್ಲ ಎಂದಲ್ಲ. 1981ರಲ್ಲೇ ಸಿನಿಮಾ ಕಾರ್ಮಿಕರ ಕಾಯಿದೆ ಬಂತು. ನೇರವಾಗಿ ಕರೆಸಿದರೂ ಗುತ್ತಿಗೆದಾರನ ಮೂಲಕ ಕರೆಸಿದರೂ ಕಾರ್ಮಿಕ ಕಾರ್ಮಿಕನೇ, ಬರಹದಲ್ಲಿ ಒಪ್ಪಂದವಿಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಅದರಲ್ಲಿ ಬರೆದಿತ್ತು. ಈ ಕಾಯಿದೆಯ ಜಾಗಕ್ಕೆ 2020ರಲ್ಲಿ ಸಂಸತ್ತು ಹೊಸ ಕಾರ್ಮಿಕ ಸಂಹಿತೆ ಪಾಸು ಮಾಡಿತು, ಅದರಲ್ಲೂ ಒಪ್ಪಂದದ ಮಾತು ಉಂಟು. ನಾನು ಈ ನಲವತ್ತು ವರ್ಷದಲ್ಲಿ ಕೂಲಿ ಪಡೆದದ್ದಕ್ಕೆ ಸಾವಿರಾರು ವೌಚರಿಗೆ ಸಹಿ ಹಾಕಿದ್ದೇನೆ. ಒಂದೇ ಒಂದು ಒಪ್ಪಂದದ ಕಾಗದ ನೋಡಿಲ್ಲ. ವೌಚರಿನ ಪ್ರತಿಯೂ ನಮಗೆ ಕೊಡುವುದಿಲ್ಲ. ಇಲ್ಲಿ ಕೂತವರಲ್ಲಿ ಯಾರ ಮಗಳೋ ಸೊಸೆಯೋ ಈ ಕೆಲಸಕ್ಕೆ ಹೋಗುತ್ತಿದ್ದರೆ ದಯವಿಟ್ಟು ಹೇಳಿ: ಸಹಿ ಹಾಕುವ ಮೊದಲು ವೌಚರಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಲಿ. ಬರೆದ ಮೊತ್ತವೂ ಕೈಗೆ ಬಂದ ಮೊತ್ತವೂ ಒಂದೇ ಉಂಟೋ ನೋಡಲಿ. ನೋಟ್‌ಬುಕ್ ಇಡಲಿ.

2020ರ ಮಾರ್ಚ್ 19ಕ್ಕೆ ಶೂಟಿಂಗ್ ಎಲ್ಲ ನಿಂತಿತು. ಕೊರೊನಾ. ನಿಮಗೆಲ್ಲ ಆ ದಿನಗಳು ಗೊತ್ತು, ಬಿಡಿಸಿ ಹೇಳುವುದಿಲ್ಲ. ಮೇ ತಿಂಗಳ ಕೊನೆಗೆ ಶೂಟಿಂಗ್ ಮತ್ತೆ ಶುರು ಮಾಡಬಹುದು ಎಂದು ಸರಕಾರ ಹೇಳಿದಾಗ 65 ದಾಟಿದವರು ಸೆಟ್ಟಿಗೆ ಬರಬಾರದು ಎಂಬ ಷರತ್ತು ಇತ್ತು. ನನ್ನ ಗೆಳತಿಗೆ ಆಗ 67. "ಅಂಗಡಿಗಿ ಹೋಗಬಹುದಂತ, ದುಡಿಯಾಕ ಹೋಗಬಾರದಂತ" ಎಂದು ಫೋನಿನಲ್ಲಿ ಅತ್ತಳು. ದಶಕಗಳಿಂದ ಸಣ್ಣಪುಟ್ಟ ಪಾತ್ರ ಮಾಡಿಕೊಂಡೇ ಬದುಕಿದ 70 ವರ್ಷದ ನಟರೊಬ್ಬರು ಮುಂಬೈ ಹೈಕೋರ್ಟಿಗೆ ಹೋದರು. ಆಗಸ್ಟ್ 7ಕ್ಕೆ ಕೋರ್ಟು ಆ ಷರತ್ತನ್ನು ರದ್ದು ಮಾಡಿತು. ದೊಡ್ಡ ವಕೀಲರು, ದೊಡ್ಡ ನಟರ ಸುದ್ದಿಯ ನಡುವೆ ಇದು ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ನಮಗೆ ಅದು ಹಬ್ಬ. ಹಿಂದೆ ನಿಲ್ಲುವವರಲ್ಲಿ ಒಬ್ಬರು ಮುಂದೆ ಬಂದು ನಿಂತು ಎಲ್ಲರಿಗಾಗಿ ಗೆದ್ದ ದಿನ.

ಈಗ ಇನ್ನೊಂದು ಕಾಲ ಬಂದಿದೆ. 1981ರ ಜನವರಿ 31ಕ್ಕೆ ದಿಲ್ಲಿಯ ರಾಜಪಥದಲ್ಲಿ 'ಗಾಂಧಿ' ಸಿನಿಮಾಕ್ಕೆಂದು ಗಾಂಧೀಜಿಯವರ ಅಂತ್ಯಯಾತ್ರೆಯ ದೃಶ್ಯವನ್ನು ನಿರ್ದೇಶಕ ರಿಚರ್ಡ್ ಅಟೆನ್‌ಬರೋ ತೆಗೆದಾಗ ಸುಮಾರು ಮೂರು ಲಕ್ಷ ಜನ ಸೇರಿದ್ದರು, ಹೆಚ್ಚಿನವರು ಒಂದು ಪೈಸೆ ಇಲ್ಲದೆ ತಾವಾಗಿ ಬಂದವರು. ಅದು ದಾಖಲೆ. ಇನ್ನು ಯಾರೂ ಅದನ್ನು ಮುರಿಯಲಿಕ್ಕಿಲ್ಲ, ಯಾಕೆಂದರೆ ಈಗ ನೂರು ಜನರನ್ನು ಅತ್ತಿಂದಿತ್ತ ಕೂರಿಸಿ ಕಂಪ್ಯೂಟರಿನಲ್ಲಿ ಹತ್ತು ಸಾವಿರ ಮಾಡುತ್ತಾರೆ. ಕ್ರಿಕೆಟ್ ಸ್ಟೇಡಿಯಂ ಸೀನ್ ಮಾಡುವಾಗ ನಾನೇ ಒಂದು ದಿನದಲ್ಲಿ ಒಂಬತ್ತು ಜಾಗದಲ್ಲಿ ಕೂತಿದ್ದೇನೆ. ಒಂಬತ್ತು ಜನರ ಜಾಗ, ಒಬ್ಬಳ ಕೂಲಿ. ಅಮೆರಿಕದಲ್ಲಿ 2023ರಲ್ಲಿ ನಟರ ಯೂನಿಯನ್ 118 ದಿನ ಮುಷ್ಕರ ಮಾಡಿತಲ್ಲ, ಅದರಲ್ಲಿ ಈ ಜಗಳವೂ ಇತ್ತು: ಹಿಂದೆ ನಿಲ್ಲುವವರ ಮುಖ, ಮೈ ಸ್ಕ್ಯಾನ್ ಮಾಡಿಟ್ಟುಕೊಂಡು ಆಮೇಲೆ ಕರೆಯದೆಯೇ ಬಳಸುವ ಹಾಗಿಲ್ಲ, ಒಪ್ಪಿಗೆ ಬೇಕು, ದುಡ್ಡು ಕೊಡಬೇಕು ಎಂದು. ಒಪ್ಪಂದದಲ್ಲಿ ಅದನ್ನು ಬರೆಸಿಕೊಂಡರು. ನಮ್ಮಲ್ಲೂ ಈ ಮಾತು ಈಗಲೇ ಎತ್ತಬೇಕು. ಮುಖ ಒಮ್ಮೆ ಅವರ ಕಂಪ್ಯೂಟರಿಗೆ ಹೋದ ಮೇಲೆ ನೋಟ್‌ಬುಕ್ಕಿನಲ್ಲಿ ಏನೆಂದು ಬರೆಯುವುದು?

ಹೊತ್ತಾಯಿತು ಎಂದು ಕಾರ್ಯದರ್ಶಿಯವರು ಸನ್ನೆ ಮಾಡುತ್ತಿದ್ದಾರೆ. ಒಂದು ಮಾತು ಹೇಳಿ ಕೂರುತ್ತೇನೆ.

ನನ್ನ ಗೆಳತಿ ಹೋಗಿ ಮೂರು ವರ್ಷವಾಯಿತು. ಅವಳ ನೋಟ್‌ಬುಕ್ಕುಗಳು ಮಗಳ ಹತ್ತಿರ ಉಂಟು. ಫೋಟೋ ಎಂದು ಅವಳದ್ದು ಹೆಚ್ಚಿಲ್ಲ, ಆಧಾರ್ ಕಾರ್ಡಿನದ್ದು, ಮಗಳ ಮದುವೆಯದ್ದು. ಮೊನ್ನೆ ಮಧ್ಯಾಹ್ನ ಟಿ.ವಿ.ಯಲ್ಲಿ ನಾವಿಬ್ಬರೂ ಮಾಡಿದ ಹಳೆಯ ಸಿನಿಮಾ ಬಂತು. ಹೀರೋಯಿನ್ ದೇವಸ್ಥಾನದ ಮೆಟ್ಟಿಲು ಇಳಿಯುತ್ತಾಳೆ, ಹಿಂದೆ ಎಡಬದಿಯ ಕಂಬದ ಹತ್ತಿರ ಇಬ್ಬರು ಹೆಂಗಸರು ಹೂವಿನ ತಟ್ಟೆ ಹಿಡಿದು ಮಾತಾಡುತ್ತಿರುತ್ತಾರೆ. ಒಬ್ಬಳು ಇದೇ ಸಾದಾ ನೂಲಿನ ಸೀರೆಯಲ್ಲಿ. ನಾಲ್ಕು ಸೆಕೆಂಡು. ನಮ್ಮ ದನಿಯನ್ನು ಡಬ್ಬಿಂಗ್‌ನಲ್ಲಿ ಅಳಿಸಿ ಗಂಟೆಯ ಶಬ್ದ ಹಾಕಿದ್ದಾರೆ. ತುಟಿ ಹಾಗೇ ಉಂಟು. ಆ ಬೆಳಿಗ್ಗೆ ನಾನು ಮಗನನ್ನು ಜ್ವರದಲ್ಲಿ ಬಿಟ್ಟು ಬಂದಿದ್ದೆ. ಅವಳು ತಟ್ಟೆ ಸರಿಮಾಡುತ್ತಾ ನನ್ನ ಕಡೆ ಬಾಗಿ ಕೇಳುತ್ತಿದ್ದಾಳೆ: "ಹುಡುಗನ ಜ್ವರ ಇಳಿತೇನವಾ?"